ಬೇರೆಯವರ ಕಾರಿನ ಕೀ ತೆಗೆದುಕೊಳ್ಳುವ ಮುಂಚೆ ಆ ಕಾರಿನ ಪಾಲಿಸಿ ನೋಡಿ

ಇನ್ಶೂರೆನ್ಸ್ ಇರುವುದು ಗಾಡಿಗೆ, ಓಡಿಸುವವರಿಗೆ ಅಲ್ಲ. ಇದು ಗೊತ್ತಿಲ್ಲದವರು ಬೆಂಗಳೂರಿನಲ್ಲಿ ಬಹಳ ಜನ ಇದ್ದಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನನ್ನ ತಮ್ಮನ ಕಾರಿಗೆ ಫುಲ್ ಇನ್ಶೂರೆನ್ಸ್ ಇದೆ, ಜೊತೆಗೆ ಝೀರೋ ಡೆಪ್ (ಬಿಡಿಭಾಗಗಳ ಸವಕಳಿ ಅಂತ ಹಣ ಕಡಿತ ಮಾಡದ ಕವರ್). ಅದು ಸರ್ವಿಸ್‌ಗೆ ಹೋಗಿದ್ದಾಗ ತುಮಕೂರಿನ ಮದುವೆಗೆಂದು ಗೆಳೆಯನ ಕಾರು ತಂದ. ಹೊರಡುವ ಮುಂಚೆ ತನ್ನ ಏಜೆಂಟ್‌ಗೆ ಫೋನ್ ಮಾಡಿ ಕೇಳಿಯೂ ಇದ್ದ. "ನಿಮ್ಮದು ಫುಲ್ ಕವರ್ ಅಲ್ವಾ ಸರ್, ಯಾವ ಗಾಡಿ ಓಡಿಸಿದ್ರೂ ನಡೆಯುತ್ತೆ" ಎಂದರು. ವಾಪಸ್ ಬರುವಾಗ ಗೊರಗುಂಟೆಪಾಳ್ಯದ ಹತ್ತಿರ ಕಾರು ಆಟೋಗೆ ಗುದ್ದಿತು. ಆಟೋದವರಿಗೆ ಕಾಲಿಗೆ ಪೆಟ್ಟಾಯಿತು. ಕಾರಿನ ಮುಂಭಾಗ ನುಜ್ಜುಗುಜ್ಜಾಯಿತು.

ಗೆಳೆಯನ ಕಾರಿಗೆ ಇದ್ದದ್ದು ಬರೀ ಥರ್ಡ್ ಪಾರ್ಟಿ. ಆಟೋದವರ ಪರಿಹಾರವನ್ನು ಆ ಪಾಲಿಸಿ ನೋಡಿಕೊಳ್ಳುತ್ತದೆ. ಆದರೆ ಕಾರಿನ ರಿಪೇರಿಗೆ ಒಂದು ರೂಪಾಯಿಯೂ ಸಿಗುವುದಿಲ್ಲ. ತಮ್ಮ ತನ್ನ ಪಾಲಿಸಿಯಲ್ಲಿ ಕ್ಲೇಮ್ ಹಾಕಿದ. ಇದು ನಾವು ವಿಮೆ ಮಾಡಿದ ಗಾಡಿಯೇ ಅಲ್ಲ ಎಂದು ವಾಪಸ್ ಕಳಿಸಿದರು. ಏಜೆಂಟ್ ಮಾತು ಫೋನಿನಲ್ಲಿ ಆಗಿದ್ದು, ಪುರಾವೆ ಎಲ್ಲಿಂದ ತರೋಣ? ಈಗ ಸಾಲ ಮಾಡಿ ಗೆಳೆಯನ ಕಾರು ರಿಪೇರಿ ಮಾಡಿಸುತ್ತಿದ್ದಾನೆ.

ನನಗೆ ಜಾಸ್ತಿ ಭಯವಾಗಿದ್ದು ಇನ್ನೊಂದು ವಿಷಯಕ್ಕೆ. ಪಾಲಿಸಿಯಲ್ಲಿ ಬರುವ 15 ಲಕ್ಷದ ಅಪಘಾತ ವಿಮೆ ಮಾಲೀಕನಿಗೆ ಮಾತ್ರ. ಗಾಡಿ ಕೇಳಿ ತಂದವನಿಗೆ ಅದು ಇಲ್ಲ. ನಮ್ಮ ಇಳಕಲ್ ಕಡೆಯದೇ ಒಂದು ಪ್ರಕರಣವಿದೆ. ಬೇರೆಯವರ ಬೈಕ್ ತಂದು ಓಡಿಸುತ್ತಿದ್ದವರು ಅಪಘಾತದಲ್ಲಿ ತೀರಿಕೊಂಡರು. ಹೀಗೆ ಓಡಿಸುವವನು ಮಾಲೀಕನ ಜಾಗದಲ್ಲೇ ನಿಲ್ಲುತ್ತಾನೆ, ಹಾಗಾಗಿ ಮನೆಯವರು ಮೋಟಾರು ವಾಹನ ಕಾಯ್ದೆಯಲ್ಲಿ ಆಗ ಇದ್ದ 163ಎ ಕಲಮಿನಡಿ (ತಪ್ಪು ಯಾರದೆಂದು ಸಾಬೀತು ಮಾಡದೆಯೇ ಪರಿಹಾರ ಕೇಳುವ ಕಲಮು) ಪರಿಹಾರ ಕೇಳಲು ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2009ರಲ್ಲಿ ಹೇಳಿತು. ಆಗಾಗ ಬೇರೆಯವರ ಗಾಡಿ ಓಡಿಸುವವರು ಯಾವ ಗಾಡಿಗೂ ಅಂಟಿಕೊಳ್ಳದ ಅಪಘಾತ ವಿಮೆಯನ್ನು ಪ್ರತ್ಯೇಕವಾಗಿ ಮಾಡಿಸಿಕೊಳ್ಳಿ, ದಯವಿಟ್ಟು.

ಕೀ ತೆಗೆದುಕೊಳ್ಳುವ ಮುಂಚೆ ಪಾಲಿಸಿಯ ಪಿಡಿಎಫ್ ಕೇಳಿ. ಸಂಕೋಚ ಬೇಡ. ಅದರಲ್ಲಿ 'ಓನ್ ಡ್ಯಾಮೇಜ್', ಅಂದರೆ ಆ ಗಾಡಿಗೇ ಆಗುವ ಹಾನಿಯ ಪ್ರೀಮಿಯಂ ಕಟ್ಟಿದ್ದಾರಾ ನೋಡಿ. ಅವಧಿ ಮುಗಿದಿದ್ದರೆ ಗಾಡಿ ಮುಟ್ಟಲೇಬೇಡಿ. ಮೊದಲ ಸಲಕ್ಕೆ 2,000 ರೂಪಾಯಿ ದಂಡ ಅಥವಾ 3 ತಿಂಗಳವರೆಗೆ ಜೈಲು, ಎರಡೂ ಆಗಬಹುದು. ಮಾಲೀಕನಷ್ಟೇ ಅಲ್ಲ, ಓಡಿಸುವವರೂ ಹೊಣೆ.

ಕಾರಿಗೆ ಫುಲ್ ಇನ್ಶೂರೆನ್ಸ್ ಇದ್ದು, ನಿಮ್ಮ ಲೈಸೆನ್ಸ್ ಸರಿಯಿದ್ದರೆ ಕ್ಲೇಮ್ ಆಗುತ್ತದೆ. ಆದರೆ ಗೆಳೆಯನ ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಮಾಡದಿದ್ದಕ್ಕೆ ಓನ್ ಡ್ಯಾಮೇಜ್ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, ಹೋಗುತ್ತದೆ. ಅದು 50 ಪರ್ಸೆಂಟ್‌ವರೆಗೂ ಇರುತ್ತದೆ. ಆ ನಷ್ಟ ಯಾರು ತುಂಬಿಕೊಡುವುದು ಎಂದು ಮೊದಲೇ ಮಾತಾಡಿಕೊಳ್ಳಿ.

ಮತ್ತೆ, ವೈಟ್ ಬೋರ್ಡ್ ಕಾರನ್ನು ದಿನಕ್ಕಿಷ್ಟು ಬಾಡಿಗೆ ಅಂತ ಕೊಟ್ಟು ತರಬೇಡಿ. ಖಾಸಗಿ ಪಾಲಿಸಿಯಲ್ಲಿ ಬಾಡಿಗೆ ಬಳಕೆಗೆ ಅವಕಾಶವಿಲ್ಲ, ಕ್ಲೇಮ್ ತಿರಸ್ಕರಿಸುತ್ತಾರೆ. ದುಡ್ಡು ಕೊಟ್ಟೇ ತರುವುದಾದರೆ ಕಪ್ಪು ಬೋರ್ಡಿನ ಮೇಲೆ ಹಳದಿ ಅಕ್ಷರ ಇರುವ ಸೆಲ್ಫ್ ಡ್ರೈವ್ ಕಾರನ್ನೇ ತನ್ನಿ.