ಹಸಿ ಕೊಂಬು, ಪುಡಿ, ಮಾತ್ರೆ: ಯಾವ ಅರಿಸಿನ ಯಾರಿಗೆ?

ಹಸಿ ಅರಿಸಿನ ತರಲೋ, ಪುಡಿಯೇ ಸಾಕೋ, ಇಲ್ಲಾ ಕರ್ಕ್ಯುಮಿನ್ (ಅರಿಸಿನಕ್ಕೆ ಹಳದಿ ಬಣ್ಣ ಕೊಡುವ ಅಂಶ) ಮಾತ್ರೆ ನುಂಗಲೋ ಎಂದು ಕೇಳಿದ್ದೀರಿ. ಮೂರೂ ಒಂದೇ ಗಿಡದ್ದು, ಕೆಲಸ ಮಾತ್ರ ಬೇರೆ ಬೇರೆ.

ಖರ್ಚು, ಬಾಳಿಕೆಯಲ್ಲಿ ಪುಡಿಯೇ ಮುಂದು. ಬೆಳಕು, ತೇವ ತಾಗದ ಡಬ್ಬಿಯಲ್ಲಿ ತಿಂಗಳುಗಟ್ಟಲೆ ಇರುತ್ತದೆ. ಹಸಿ ಕೊಂಬು ಫ್ರಿಜ್‌ನಲ್ಲಿಟ್ಟರೂ ಕೆಲವೇ ವಾರಗಳಲ್ಲಿ ಬಾಡಿ ಬೂಸ್ಟು ಹಿಡಿಯುತ್ತದೆ. ತುರಿದರೆ ಬೆರಳೆಲ್ಲ ಹಳದಿ. ಆದರೆ ಆ ಘಮ ಪುಡಿಗೆ ಎಲ್ಲಿಂದ ಬರಬೇಕು! ಪುಡಿಯ ಬಣ್ಣ ಏರಿಸಲು ವಿಷಕಾರಿ ಸೀಸದ ಕ್ರೋಮೇಟ್ ಬೆರೆಸಿದ್ದೂ ಪತ್ತೆಯಾಗಿದೆ. ಕಣ್ಣು ಕುಕ್ಕುವ ಹಳದಿ ಕಂಡರೆ ನನಗಂತೂ ಅನುಮಾನ.

ಆರೋಗ್ಯದ ಮಾತು ಸ್ವಲ್ಪ ತೊಡಕಿನದು. ಪುಡಿಯ ತೂಕದಲ್ಲಿ ಕರ್ಕ್ಯುಮಿನ್ ಸುಮಾರು ಶೇ 3 ಮಾತ್ರ, ಅದನ್ನೂ ಕರುಳು ಸರಿಯಾಗಿ ಹೀರಿಕೊಳ್ಳುವುದಿಲ್ಲ. ಎಣ್ಣೆಯ ಜಿಡ್ಡು, ಚಿಟಿಕೆ ಕಾಳುಮೆಣಸು ಜೊತೆಗಿದ್ದರೆ ಹೆಚ್ಚು ದಕ್ಕುತ್ತದೆ. ಆದರೂ ಅಡುಗೆಗೆ ಹಾಕುವ ಅರ್ಧ ಚಮಚದಿಂದ ಔಷಧದ ಫಲ ನಿರೀಕ್ಷಿಸಬೇಡಿ. ಮಂಡಿ ಸವೆತದ ನೋವು ಒಂದಷ್ಟು ತಗ್ಗಿದ್ದು ಕಂಡ ಪ್ರಯೋಗಗಳಲ್ಲಿ ಬಳಸಿದ್ದು ಹೆಚ್ಚಾಗಿ ಸಾರ ತುಂಬಿದ ಮಾತ್ರೆಗಳನ್ನೇ. ಅಪಾಯವೂ ಅಲ್ಲೇ: ಅಪರೂಪಕ್ಕೆ ಯಕೃತ್ತಿಗೆ ಪೆಟ್ಟು ಬಿದ್ದ ಪ್ರಕರಣಗಳಿವೆ. ರಕ್ತ ಹೆಪ್ಪುಗಟ್ಟದಂತೆ ಔಷಧ ತೆಗೆದುಕೊಳ್ಳುವವರು, ಪಿತ್ತಕೋಶದಲ್ಲಿ ಕಲ್ಲಿರುವವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ಈ ಮಾತ್ರೆಗಳನ್ನು ಮುಟ್ಟಬಾರದು.

ದಿನದ ಅಡುಗೆಗಾದರೆ ಪುಡಿ ತನ್ನಿ. ಪರಿಮಳವೇ ಮುಖ್ಯ, ತಂದದ್ದು ಬೇಗ ಮುಗಿಯುತ್ತದೆ ಎನ್ನುವ ಮನೆಗೆ ಹಸಿ ಕೊಂಬು. ಕೀಲುನೋವಿಗೆಂದೇ ಹುಡುಕುತ್ತಿದ್ದೀರಾ? ಆಗ ಮಾತ್ರೆಯ ಡಬ್ಬಿಯನ್ನೇ ವೈದ್ಯರಿಗೆ ತೋರಿಸಿ, ಈಗಾಗಲೇ ನುಂಗುತ್ತಿರುವ ಔಷಧಗಳ ಪಟ್ಟಿಯೂ ಕೈಯಲ್ಲಿರಲಿ.