ಆರು ಇಂಚಿನ ಆಂಗಲ್ ಲಾಕ್ ವೈಸ್ ಮತ್ತು 58 ಪೀಸಿನ ಕ್ಲಾಂಪ್ ಕಿಟ್: ವರ್ಷಗಟ್ಟಲೆ ಬಳಸಿದ ಮೇಲೆ ನನ್ನ ಅಭಿಪ್ರಾಯ

ಮೊದಲೇ ಹೇಳಿಬಿಡುತ್ತೇನೆ. ವೈಸ್‌ಗೆ, ಅಂದರೆ ಕೆಲಸದ ತುಂಡನ್ನು (ಜಾಬ್) ಎರಡು ದವಡೆ ನಡುವೆ ಬಿಗಿಹಿಡಿಯುವ ಸಾಮಾನಿಗೆ, ಹಾಕಿದ ದುಡ್ಡು ಪೂರ್ತಿ ವಸೂಲಾಗಿದೆ. ಜಾಬನ್ನು ಮಷಿನ್ ಟೇಬಲ್‌ಗೆ ಒತ್ತಿ ಹಿಡಿಯುವ ಕ್ಲಾಂಪ್ ಕಿಟ್‌ಗೆ ಹಾಕಿದ ದುಡ್ಡಲ್ಲಿ ಅರ್ಧ ಇವತ್ತಿಗೂ ಸ್ಟ್ಯಾಂಡ್ ಮೇಲೆ ಸುಮ್ನೆ ಕೂತಿದೆ.

ನಮ್ಮದು ತುಮಕೂರಿನ ಅಂತರಸನಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಒಂದು ಚಿಕ್ಕ ಶೆಡ್. ಒಂದು ಮಿಲ್ಲಿಂಗ್ ಮಷಿನ್ (ತಿರುಗುವ ಕಟರ್‌ನಿಂದ ಲೋಹ ಕೆತ್ತುವುದು), ಒಂದು ಸೆಕೆಂಡ್ ಹ್ಯಾಂಡ್ ವಿಎಂಸಿ (ಅದೇ ಕೆಲಸವನ್ನು ಕಂಪ್ಯೂಟರ್ ಹಿಡಿತದಲ್ಲಿ ಮಾಡುವುದು), ಒಂದು ಲೇತ್, ಒಂದು ಡ್ರಿಲ್ಲಿಂಗ್ ಮಷಿನ್. ಜಾಬ್ ವರ್ಕ್ ಹೆಚ್ಚಾಗಿ ಪೀಣ್ಯ ಕಡೆಯಿಂದ ಬರುತ್ತದೆ. ಎಂಎಸ್ (ಸಾದಾ ಉಕ್ಕು) ಬ್ಲಾಕ್, ಅಲ್ಯೂಮಿನಿಯಂ ಪ್ಲೇಟ್, ಆಗಾಗ ಪಂಪಿನ ಕಾಸ್ಟಿಂಗ್. ಒಂದೇ ಜಾಬ್ ಸಾವಿರ ಪೀಸ್ ಬರುವುದು ಅಪರೂಪ. ಐದು ಪೀಸ್, ಹತ್ತು ಪೀಸ್, ಆಮೇಲೆ ಸೆಟ್ಟಿಂಗ್ ಬದಲು. ಹೀಗಿರುವ ಶೆಡ್‌ನಲ್ಲಿ ಜಾಬ್ ಹಿಡಿಯುವ ಸಾಮಾನು ಸರಿಯಿಲ್ಲದಿದ್ದರೆ ಮಷಿನ್ ಎಷ್ಟೇ ಚೆನ್ನಾಗಿದ್ದರೂ ಏನೂ ಪ್ರಯೋಜನವಿಲ್ಲ.

ಮುಂಚೆ ಇದ್ದದ್ದು ಮಷಿನ್ ಜೊತೆ ಬಂದ ಸಾದಾ ವೈಸ್. ಅದರ ಕಾಯಿಲೆ ಒಂದೇ. ಹ್ಯಾಂಡಲ್ ಟೈಟ್ ಮಾಡುತ್ತಾ ಹೋದಂತೆ ಓಡಾಡುವ ಜಾ (ದವಡೆ) ಸ್ವಲ್ಪ ಹಿಂದಕ್ಕೆ ವಾಲಿ ಮೇಲೆ ಏಳುತ್ತಿತ್ತು, ಜೊತೆಗೆ ಜಾಬನ್ನೂ ಎತ್ತುತ್ತಿತ್ತು. ಜಾಬ್ ಕೆಳಗೆ ಇಟ್ಟ ಒಂದೇ ಎತ್ತರದ ಪ್ಯಾರಲಲ್ ಬ್ಲಾಕ್‌ಗಳಲ್ಲಿ ಫಿಕ್ಸೆಡ್ (ಓಡಾಡದ) ಜಾ ಪಕ್ಕದ್ದು ಗಟ್ಟಿಯಾಗಿ ನಿಲ್ಲುತ್ತದೆ, ಓಡಾಡುವ ಜಾ ಕಡೆಯದು ಬೆರಳಲ್ಲಿ ತಳ್ಳಿದರೆ ಜಾರುತ್ತದೆ. ಹಾಗೆ ಜಾರಿತು ಅಂದರೆ ಜಾಬ್ ಕೂತಿಲ್ಲ ಎಂದೇ ಅರ್ಥ. ಅದರ ಮೇಲೆ ಫೇಸಿಂಗ್ ಹೊಡೆದರೆ (ಮೇಲ್ಮೈ ಸಮ ಮಾಡಿದರೆ) ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು. ಆಮೇಲೆ ಆಪರೇಟರ್ ಮೇಲೆ ರೇಗಿ ಏನು ಬಂತು?

ಆಂಗಲ್ ಲಾಕ್ ವೈಸ್‌ನಲ್ಲಿ ಈ ತೊಂದರೆಗೇ ಮದ್ದು ಇದೆ. ಒಳಗಿನ ನಟ್ ಓರೆಯಾದ ಒಂದು ಮುಖದಿಂದ ಜಾವನ್ನು ಎಳೆಯುತ್ತದೆ, ಮಧ್ಯೆ ಅರ್ಧ ಗೋಲಿಯಂಥ ಒಂದು ತುಂಡು ಇರುತ್ತದೆ. ಹಾಗಾಗಿ ಮುಂದಕ್ಕೆ ಒತ್ತುವ ಬಲದ ಒಂದು ಪಾಲು ಜಾವನ್ನು ಕೆಳಕ್ಕೂ ಎಳೆಯುತ್ತದೆ. ಅಮೆರಿಕದ ಕರ್ಟ್ ಕಂಪನಿಯ ಆಂಗ್‌ಲಾಕ್ ವೈಸ್‌ನಿಂದ ಹೆಸರಾದ ನಮೂನೆ ಇದು, ಈಗ ಇಲ್ಲೂ ಹಲವರು ಮಾಡುತ್ತಾರೆ. ನನ್ನದು ದೇಶೀ. ಕಂಪನಿ ಹೆಸರು ಬರೆಯುವುದಿಲ್ಲ, ಏಕೆಂದರೆ ಹೆಸರಿಗಿಂತ ಏನು ನೋಡಿ ತರಬೇಕು ಅನ್ನುವುದೇ ಮುಖ್ಯ.

ಬಾಡಿ ಎಸ್‌ಜಿ ಐರನ್‌ದಾ (ಸುಲಭಕ್ಕೆ ಒಡೆಯದ ಎರಕದ ಕಬ್ಬಿಣ) ಅಂತ ಕೇಳಿ. ಸಾದಾ ಕಾಸ್ಟ್ ಐರನ್ ಆದರೆ ಜೋರಾಗಿ ಎಳೆದಾಗ ಬಾಗುವುದಿಲ್ಲ, ಒಡೆಯುತ್ತದೆ. ಸ್ಕ್ರೂ ಹಿಂದೆ ಥ್ರಸ್ಟ್ ಬೇರಿಂಗ್ ಇದೆಯಾ ನೋಡಿ, ಇಲ್ಲದಿದ್ದರೆ ನಿಮ್ಮ ಕೈಬಲದಲ್ಲಿ ಅರ್ಧ ಉಜ್ಜಾಟಕ್ಕೇ ಹೋಗುತ್ತದೆ. ಇನ್ನೊಂದನ್ನು ಅಂಗಡಿಯವರು ಯಾರೂ ಹೇಳುವುದಿಲ್ಲ: ಜಾ ಪ್ಲೇಟಿನ ಎರಡು ಬೋಲ್ಟ್ ತೂತುಗಳ ನಡುವಿನ ಅಂತರ. ಕರ್ಟ್ ನಮೂನೆಯ ಆರು ಇಂಚಿನದರಲ್ಲಿ ಅದು 98.4 ಮಿಮೀ ಇರುತ್ತದೆ. ಅದೇ ಅಳತೆ ಇದ್ದರೆ ರೆಡಿ ಸಾಫ್ಟ್ ಜಾ (ಜಾಬಿನ ಆಕಾರಕ್ಕೆ ಕೆತ್ತಿಕೊಳ್ಳುವ ಮೆತು ಲೋಹದ ಜಾ ಪ್ಲೇಟ್) ಯಾರ ಹತ್ತಿರ ತಂದರೂ ಕೂರುತ್ತದೆ. ಬೆಂಗಳೂರಿನ ಎಸ್‌ಜೆಪಿ ರಸ್ತೆಗೆ ಹೋದಾಗ ಕೈಯಲ್ಲಿ ಒಂದು ವರ್ನಿಯರ್, ಒಂದು ಡಯಲ್ (ಸೂಕ್ಷ್ಮ ಏರಿಳಿತವನ್ನು ಮುಳ್ಳಿನಲ್ಲಿ ತೋರಿಸುವ ಅಳತೆ ಸಾಧನ) ಇಟ್ಟುಕೊಂಡೇ ಹೋಗಿ. ಅಂಗಡಿಯವರಿಗೆ ಬೇಜಾರಾದರೆ ಆಗಲಿ, ಅಲ್ವಾ, ದುಡ್ಡು ನಿಮ್ಮದು.

ಡಯಲ್ ಪರೀಕ್ಷೆ ಹೀಗೆ. ಒಂದು ಗ್ರೈಂಡ್ ಮಾಡಿದ ಬ್ಲಾಕ್ ಹಿಡಿಸಿ, ಮೊದಲು ಸುಮಾರಾಗಿ ಟೈಟ್ ಮಾಡಿ, ಡಯಲಿನ ಮುಳ್ಳನ್ನು ಬ್ಲಾಕಿನ ಮೇಲೆ ಸೊನ್ನೆಗೆ ಇಡಿ, ಆಮೇಲೆ ಪೂರ್ತಿ ಟೈಟ್ ಮಾಡಿ. ಹಳೆ ವೈಸ್‌ನಲ್ಲಿ ಮುಳ್ಳು ಏಳೆಂಟು ಡಿವಿಜನ್ ಏರುತ್ತಿತ್ತು. ಒಂದು ಡಿವಿಜನ್‌ಗೆ 0.01 ಮಿಮೀ ತೋರಿಸುವ ಡಯಲಿನಲ್ಲಿ ಅಷ್ಟು ಏರುವುದು ಸಣ್ಣ ಮಾತಲ್ಲ. ಹೊಸದರಲ್ಲಿ ಒಂದು ಡಿವಿಜನ್ ಕೂಡ ಏರಲಿಲ್ಲ, ಇವತ್ತಿಗೂ ಒಂದನ್ನು ದಾಟಿಲ್ಲ. ನನಗೆ ಈ ವೈಸ್ ಮೇಲಿರುವ ಪ್ರೀತಿಗೆ ಇದೊಂದೇ ಕಾರಣ ಸಾಕು.

ಬೇಡದ ಗುಣವೂ ಇದೆ. ತೂಕ 35 ಕೆಜಿ ಆಸುಪಾಸು, ಒಬ್ಬರೇ ಎತ್ತಿ ಮಷಿನ್ ಟೇಬಲ್‌ಗೆ ಇಡಲು ಹೋಗಬೇಡಿ. ಬೆನ್ನೂ ಹೋಗುತ್ತದೆ, ಟೇಬಲ್ಲಿಗೂ ಏಟು ಬೀಳುತ್ತದೆ. ಜೊತೆಗೆ ಬಂದ ಹ್ಯಾಂಡಲ್ ಚಿಕ್ಕದು ಅನ್ನಿಸುತ್ತದೆ, ಆದರೆ ಅದನ್ನು ಬೇಕೆಂದೇ ಅಷ್ಟೇ ಉದ್ದ ಮಾಡಿರುತ್ತಾರೆ. ನಮ್ಮಲ್ಲಿ ಹೊಸ ಹುಡುಗರು ಬಂದ ತಕ್ಷಣ ಪೈಪ್ ಹುಡುಕುತ್ತಾರೆ. ಹ್ಯಾಂಡಲ್‌ಗೆ ಪೈಪ್ ಹಾಕುವುದು ನಮ್ಮ ಶೆಡ್‌ನಲ್ಲಿ ನಿಷೇಧ. ಪೈಪ್ ಹಾಕಿದರೇನೇ ಜಾಬ್ ನಿಲ್ಲುತ್ತದೆ ಅಂದರೆ ಕಟ್ ಜಾಸ್ತಿಯಾಗಿದೆ ಅಥವಾ ಜಾಬ್ ಮೂಲೆಯಲ್ಲಿ ಬರ್ (ಕತ್ತರಿಸಿದಾಗ ಉಳಿಯುವ ಚೂಪು ಅಂಚು) ಉಳಿದಿದೆ. ಫೈಲ್ ತಗೊಂಡು ಬರ್ ತೆಗೆಯಿರಿ, ಅರ್ಧ ನಿಮಿಷದ ಕೆಲಸ.

ಈಗ ಕ್ಲಾಂಪ್ ಕಿಟ್ ವಿಷಯ. 58 ಪೀಸ್ ಅಂದರೆ 24 ಸ್ಟಡ್ (ತಲೆಯಿಲ್ಲದ ಬೋಲ್ಟ್), 12 ಸ್ಟೆಪ್ ಬ್ಲಾಕ್ (ಕ್ಲಾಂಪಿನ ಹಿಂಬದಿಗೆ ಊರುವ ಮೆಟ್ಟಿಲಿನ ತುಂಡು), 6 ಸ್ಟೆಪ್ ಕ್ಲಾಂಪ್ (ಜಾಬನ್ನು ಒತ್ತುವ ಪಟ್ಟಿ), 6 ಟಿ ನಟ್, 6 ಫ್ಲಾಂಜ್ ನಟ್, 4 ಉದ್ದದ ಜೋಡಣೆ ನಟ್. ನಿಮ್ಮ ಟೇಬಲ್ಲಿನ ಟಿ ಸ್ಲಾಟ್ (ಟಿ ನಟ್ ಕೂರುವ ಸೀಳು) ಅಳೆಯದೆ ಆರ್ಡರ್ ಹಾಕಬೇಡಿ. 14 ಮಿಮೀ ಸ್ಲಾಟ್ ಇದ್ದರೆ ಎಂ12 (12 ಮಿಮೀ ದಪ್ಪದ ಸ್ಟಡ್), 18 ಮಿಮೀ ಇದ್ದರೆ ಎಂ16. ಕಿಟ್‌ನಲ್ಲಿ ದಿನಾ ಕೈಗೆ ಬರುವುದು ಮಧ್ಯದ ಅಳತೆಯ ಸ್ಟಡ್‌ಗಳು ಮಾತ್ರ. ತೀರಾ ಉದ್ದದವು ಎತ್ತರದ ಕಾಸ್ಟಿಂಗ್ ಬಂದಾಗ ಮಾತ್ರ ಇಳಿಯುತ್ತವೆ. ಈಗ ತರುವುದಾದರೆ ನಾನು ಕಿಟ್ ಬಿಟ್ಟು ಬಿಡಿಬಿಡಿಯಾಗಿ ತರುತ್ತೇನೆ. ಸ್ಟಡ್ ಮತ್ತು ಟಿ ನಟ್ ಒಳ್ಳೆಯದನ್ನೇ ತರುತ್ತೇನೆ, ಸ್ಟೆಪ್ ಬ್ಲಾಕ್ ಸಾಧಾರಣದ್ದಾದರೂ ನಡೆಯುತ್ತದೆ.

ಸ್ಟಡ್ ಮೇಲೆ 8.8 ಅಂತ ಗುರುತು ಇರಬೇಕು. ಅದರ ಅರ್ಥ 800 ಎಂಪಿಎ (ಚದರ ಮಿಮೀಗೆ 800 ನ್ಯೂಟನ್ ಬಲ) ಎಳೆತದವರೆಗೆ ತುಂಡಾಗದು, ಅದರ ಶೇ. 80, ಅಂದರೆ 640ರವರೆಗೆ ಶಾಶ್ವತವಾಗಿ ಉದ್ದಕ್ಕೆ ಎಳೆದುಕೊಳ್ಳದು ಎಂದು. ಹಾರ್ಡ್‌ವೇರ್ ಅಂಗಡಿಯ ಮೀಟರ್ ಲೆಕ್ಕದ ಥ್ರೆಡ್ ರಾಡ್ ಸಾಮಾನ್ಯವಾಗಿ 4.6, ತುಂಡಾಗುವ ಲೆಕ್ಕದಲ್ಲಿ ಅದರ ಅರ್ಧದಷ್ಟು. ಎರಡಕ್ಕೂ ನೋಡಲು ಒಂದೇ ಬಣ್ಣ, ಒಂದೇ ದಪ್ಪ, ಮೋಸ ಹೋಗುವುದು ಇಲ್ಲೇ. ಟಿ ನಟ್ ಕೊಳ್ಳುವಾಗ ತಲೆಕೆಳಗು ಮಾಡಿ ನೋಡಿ. ಕೆಳಗಿನ ಕೊನೆಯ ಥ್ರೆಡ್ಡನ್ನು ಬೇಕಂತಲೇ ಕೆಡಿಸಿರಬೇಕು, ಸ್ಟಡ್ ಪೂರ್ತಿ ಇಳಿದು ಹೊರಗೆ ಬರಬಾರದು. ಬಂದರೆ ಸ್ಟಡ್ಡಿನ ತುದಿ ಸ್ಲಾಟಿನ ತಳಕ್ಕೆ ಒತ್ತಿ ಜಾಕ್ ಥರ ಕೆಲಸ ಮಾಡುತ್ತದೆ, ಟಿ ನಟ್ ಮೇಲಕ್ಕೆ ಎದ್ದು ಸ್ಲಾಟಿನ ತುಟಿಯನ್ನೇ ಒಡೆದುಹಾಕುತ್ತದೆ. ನಮ್ಮ ಸಾಲಿನ ಇನ್ನೊಂದು ಶೆಡ್‌ನಲ್ಲಿ ಹೀಗೆ ಅಂಗೈ ಉದ್ದದ ಚೂರು ಕಿತ್ತುಬಂದದ್ದನ್ನು ನೋಡಿದ್ದೇನೆ. ಕಣ್ಣಲ್ಲಿ ನೀರು ಬರುತ್ತದೆ, ಅಷ್ಟು ಒಳ್ಳೆಯ ಮಷಿನ್.

ಕ್ಲಾಂಪ್ ಕೂರಿಸುವಾಗ ಬೋಲ್ಟ್ ಜಾಬ್ ಹತ್ತಿರ ಇರಲಿ, ಹಿಂದಿನ ಬ್ಲಾಕ್ ದೂರ ಇರಲಿ. ಬೋಲ್ಟ್ ಸರಿಯಾಗಿ ಮಧ್ಯೆ ಇದ್ದರೆ ಬಲದಲ್ಲಿ ಅರ್ಧ ಬ್ಲಾಕಿಗೆ ಹೋಗುತ್ತದೆ. ಜಾಬ್‌ನಿಂದ ಮೂರರಲ್ಲಿ ಒಂದು ಪಾಲು ದೂರದಲ್ಲಿದ್ದರೆ ಮೂರರಲ್ಲಿ ಎರಡು ಪಾಲು ಬಲ ಜಾಬ್‌ಗೇ ಸಿಗುತ್ತದೆ. ಹಿಂಬದಿ ಒಂದು ಮೆಟ್ಟಿಲು ಎತ್ತರ ಇದ್ದರೂ ಪರವಾಗಿಲ್ಲ, ತಗ್ಗಿರಬಾರದು. ತಗ್ಗಿದ್ದರೆ ಕ್ಲಾಂಪ್ ಜಾಬಿನ ಅಂಚನ್ನು ಮಾತ್ರ ಒತ್ತುತ್ತದೆ, ಕಟ್ ಬಿದ್ದಾಗ ಜಾಬ್ ಜಾರುತ್ತದೆ. ಫಿನಿಶ್ ಆದ ಮುಖದ ಮೇಲೆ ತಾಮ್ರದ ತೆಳು ಹಾಳೆ ಇಡಿ. ನುಣುಪಾದ ಪ್ಲೇಟ್ ನೇರ ಟೇಬಲ್ ಮೇಲೆ ಕೂತಿದ್ದರೆ ಅಡಿಗೆ ಒಂದು ಹಾಳೆ ನ್ಯೂಸ್‌ಪೇಪರ್ ಹಾಕಿ, ಹಿಡಿತ ಜಾಸ್ತಿಯಾಗುತ್ತದೆ. ಇದು ಹಳೆಯ ಟೂಲ್ ರೂಮಿನವರ ವಿದ್ಯೆ, ಇಂದಿಗೂ ಸುಳ್ಳಾಗಿಲ್ಲ. ಟಾಗಲ್ ಕ್ಲಾಂಪ್ (ಹಿಡಿ ತಿರುಗಿಸಿದರೆ ಲಾಕ್ ಆಗುವುದು) ಡ್ರಿಲ್ಲಿಂಗ್‌ಗೆ, ವೆಲ್ಡಿಂಗ್ ಫಿಕ್ಸ್ಚರ್‌ಗೆ ಚೆನ್ನ. ಮಿಲ್ಲಿಂಗ್‌ಗೆ ದಯವಿಟ್ಟು ಬೇಡ.

ನೋಡಿಕೊಳ್ಳುವ ವಿಷಯದಲ್ಲಿ ನಮ್ಮ ಊರಿನ ನೀರೇ ದೊಡ್ಡ ಶತ್ರು. ಶೆಡ್‌ನ ಬೋರ್ ನೀರು ಉಪ್ಪು. ಅದರಲ್ಲಿ ಕೂಲಂಟ್ (ಕಟ್ ಮಾಡುವಾಗ ತಂಪಾಗಿಡಲು ನೀರಿಗೆ ಬೆರೆಸುವ ಎಣ್ಣೆ) ಕಲಸಿದರೆ ಎಣ್ಣೆ ಸರಿಯಾಗಿ ಬೆರೆಯದೆ ಮೇಲೆ ಕೆನೆ ಕಟ್ಟುತ್ತದೆ, ವೈಸಿನ ಬೆಡ್ ಮೇಲೆ ಬಿಳಿ ಪೊರೆ, ಅದರಡಿ ತುಕ್ಕು. ಕೂಲಂಟ್‌ಗೆ ಆರ್‌ಒ ನೀರು ತರಿಸಲು ಶುರು ಮಾಡಿದ ಮೇಲೆ ಆ ಕಾಟ ನಿಂತಿತು. ಸಂಜೆ ಹೋಗುವ ಮುಂಚೆ ಬ್ರಷ್‌ನಲ್ಲಿ ಚಿಪ್ಸ್ ತೆಗೆದು ತೆಳುವಾಗಿ ಎಣ್ಣೆ ಸವರಿಡುತ್ತೇವೆ. ಏರ್ ಗನ್ ಹೊಡೆಯಬಾರದು, ಧೂಳೆಲ್ಲ ಸ್ಕ್ರೂ ಒಳಗೆ ನುಗ್ಗುತ್ತದೆ. ಓಡಾಡುವ ಬೆಡ್‌ಗೆ ಗ್ರೀಸ್ ಕೂಡ ಬೇಡ. ಕಾಸ್ಟ್ ಐರನ್ ಪುಡಿ ಗ್ರೀಸ್‌ಗೆ ಸೇರಿದರೆ ದಿನವಿಡೀ ಬೆಡ್‌ಗೆ ಸಾಣೆ ಹಿಡಿದ ಹಾಗೆ.

ಆಯುಧ ಪೂಜೆಗೆ ಮುಂಚೆ ಪೂರ್ತಿ ಬಿಚ್ಚಿ, ಸ್ಕ್ರೂ, ಬೇರಿಂಗ್, ಒಳಗಿನ ಆ ಅರ್ಧ ಗೋಲಿ ಎಲ್ಲ ಡೀಸೆಲ್‌ನಲ್ಲಿ ತೊಳೆದು ಕೂರಿಸುತ್ತೇವೆ. ಪೂಜೆ ಬಗ್ಗೆ ಒಂದು ಮಾತು. ಅರಿಶಿನ ಕುಂಕುಮ ಬಾಡಿಯ ಪೇಂಟ್ ಇರುವ ಕಡೆ ಹಚ್ಚಿ, ಜಾ ಮೇಲೆ ಬೇಡ. ನಿಂಬೆಹಣ್ಣು ಕೊಯ್ದು ಟೇಬಲ್ ಮೇಲೆ ಇಡುವುದಾದರೆ ಅಡಿಗೆ ಬಾಳೆಲೆ ಹಾಕಿ. ಹಬ್ಬ ಅಂತ ಎರಡು ದಿನ ಬಾಗಿಲು ಹಾಕಿರುತ್ತೇವೆ, ಆ ರಸ ಅಷ್ಟು ಹೊತ್ತು ಗ್ರೈಂಡ್ ಮಾಡಿದ ಮುಖದ ಮೇಲೆ ಕೂತರೆ ತಿಂದ ಕಲೆ ಮತ್ತೆ ಹೋಗುವುದಿಲ್ಲ.

ಮತ್ತೆ ಕೂರಿಸಿದಾಗ ಫಿಕ್ಸೆಡ್ ಜಾಗೆ ಡಯಲ್ ಹಿಡಿದು ಉದ್ದಕ್ಕೂ 0.01 ಮಿಮೀ ಒಳಗೆ ತಂದೇ ಬೋಲ್ಟ್ ಟೈಟ್ ಮಾಡುವುದು. ಓಡಾಡುವ ಜಾ ಹಿಂದಿನ ಚಿಕ್ಕ ಸೆಟ್ ಸ್ಕ್ರೂ ಮರೆಯಬೇಡಿ. ಸಡಿಲ ಬಿಟ್ಟರೆ ಜಾ ಮತ್ತೆ ಆಡುತ್ತದೆ, ತೀರಾ ಬಿಗಿ ಮಾಡಿದರೆ ಓಡುವುದೇ ಇಲ್ಲ.

ಮುಂದೆ ವಿಎಂಸಿಗೆ ಉದ್ದದ ಜಾಬ್ ಹಿಡಿಯಲು ಇನ್ನೊಂದು ವೈಸ್ ತರಬೇಕು. ನೀವು ಈಗಷ್ಟೇ ಶುರು ಮಾಡುತ್ತಿದ್ದು, ಮುಂದೆ ಎರಡು ಬೇಕಾಗುತ್ತದೆ ಅನ್ನಿಸಿದರೆ ಒಟ್ಟಿಗೇ ಜೋಡಿಯಾಗಿ ಕೇಳಿ. ಬೆಡ್ ಎತ್ತರ ಎರಡಕ್ಕೂ ಒಂದೇ ಆಗುವಂತೆ ಒಟ್ಟಿಗೆ ಗ್ರೈಂಡ್ ಮಾಡಿ ಕೊಡುತ್ತಾರೆ. ಆಮೇಲೆ ಒಂದೊಂದೇ ತಂದರೆ ಆ ಎತ್ತರ ಹೊಂದಿಸಲು ನಾವೇ ಸರ್ಫೇಸ್ ಗ್ರೈಂಡರ್ ಇರುವವರನ್ನು ಹುಡುಕಿಕೊಂಡು ಓಡಾಡಬೇಕು.