ನಿಷಿದ್ಧ ಅಕ್ಷರಗಳ ತಪಾಸಣೆ: ಪೈಥಾನ್‌ನಲ್ಲಿ ನಾನು ಪರೀಕ್ಷಿಸಿದ ಮೂರು ವಿಧಾನಗಳು

ಬಳಕೆದಾರರು ತುಂಬುವ ಹೆಸರಿನಲ್ಲಿ ಕನ್ನಡ ಅಥವಾ ಇಂಗ್ಲಿಷ್ ಅಕ್ಷರ, ಅಂಕಿ ಹಾಗೂ ಅಂಡರ್‌ಸ್ಕೋರ್ ಬಿಟ್ಟು ಬೇರೇನೂ ನುಸುಳಬಾರದು ಎಂಬ ನಿಯಮವನ್ನು ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಅಳವಡಿಸಬೇಕಾಗಿ ಬಂದಾಗ, ಒಂದೇ ಮಾದರಿ ಪಟ್ಟಿಯ ಮೇಲೆ ಮೂರು ವಿಧಾನಗಳನ್ನು ಓಡಿಸಿ ನೋಡಿದೆ.

ಮೊದಲನೆಯದು ಭಾಷೆಯಲ್ಲೇ ಇರುವ, ಎಲ್ಲವೂ ಅಕ್ಷರ ಅಥವಾ ಅಂಕಿಯೇ ಎಂದು ನೋಡುವ ‘ಈಸ್‌ಆಲ್‌ನಮ್’ ಮೆಥಡ್. ಇದು ಒಂದೇ ಸಾಲಿನ ಕೆಲಸ. ಖಾಲಿ ಸ್ಟ್ರಿಂಗನ್ನು (ಅಕ್ಷರಗಳ ಸರಣಿಯನ್ನು) ತಾನಾಗಿಯೇ ತಿರಸ್ಕರಿಸುತ್ತದೆ. ಅಂಡರ್‌ಸ್ಕೋರನ್ನು ಒಪ್ಪದಿರುವುದು ಸಣ್ಣ ತೊಡಕು. ದೊಡ್ಡ ತೊಡಕು ತಿಳಿದದ್ದು ‘ಕಮಲ’ ಪಾಸಾಗಿ ‘ವಿಮಲಾ’ ಫೇಲಾದಾಗ. ಪ್ರತಿ ಅಕ್ಷರಕ್ಕೂ ಒಂದು ಸಂಕೇತಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ಸ್ವರ, ವ್ಯಂಜನಗಳು ‘ಲೆಟರ್’ ವರ್ಗಕ್ಕೆ ಸೇರಿದರೆ, ಗುಣಿತದ ಚಿಹ್ನೆಗಳೂ ಒತ್ತಕ್ಷರಕ್ಕೆ ಬೇಕಾದ ಹಲಂತ ಚಿಹ್ನೆಯೂ ‘ಮಾರ್ಕ್’ ವರ್ಗಕ್ಕೆ ಸೇರುತ್ತವೆ. ಈ ಮೆಥಡ್ ಮಾರ್ಕ್‌ಗಳನ್ನು ಅಕ್ಷರವೆಂದು ಪರಿಗಣಿಸುವುದಿಲ್ಲ. ‘ಕನ್ನಡ’ ಎಂಬ ಪದವೇ ಇದರಲ್ಲಿ ತೇರ್ಗಡೆಯಾಗದು!

ಎರಡನೆಯದು ರೆಗ್ಯುಲರ್ ಎಕ್ಸ್‌ಪ್ರೆಶನ್, ಅಂದರೆ ಪಠ್ಯ ಹೇಗಿರಬೇಕೆಂಬ ಮಾದರಿಯನ್ನು ಸಂಕೇತಗಳಲ್ಲಿ ಬರೆಯುವ ವಿಧಾನ. ಅದರಲ್ಲಿ ಅಕ್ಷರ, ಅಂಕಿ ಅಥವಾ ಅಂಡರ್‌ಸ್ಕೋರನ್ನು ಸೂಚಿಸುವ ‘ಬ್ಯಾಕ್‌ಸ್ಲ್ಯಾಶ್ ಡಬ್ಲ್ಯೂ’ಗೂ ಇದೇ ದೋಷವಿರುವುದರಿಂದ, ಕನ್ನಡದ ಯೂನಿಕೋಡ್ ವ್ಯಾಪ್ತಿಯನ್ನು, ಅಂದರೆ 0ಸಿ80ರಿಂದ 0ಸಿಎಫ್‌ಎಫ್‌ವರೆಗೆ, ನಾನೇ ಬರೆದುಕೊಟ್ಟೆ. ‘ವಿಮಲಾ’ ಪಾಸಾಯಿತು, ‘ಜಾನ್‌ಸನ್’ ಸಿಕ್ಕಿಬಿದ್ದಿತು. ಒತ್ತಕ್ಷರವಾಗದಂತೆ ತಡೆಯಲು ಅಲ್ಲಿ ಕೂತಿರುವ, ಕಣ್ಣಿಗೆ ಕಾಣದ 200ಸಿ ಸಂಕೇತ ಆ ವ್ಯಾಪ್ತಿಯ ಹೊರಗಿದೆ. ಅದನ್ನೂ ಸೇರಿಸಿದ ಮೇಲೆ ಇನ್ನೊಂದು ಬಲೆ ಕಾದಿತ್ತು: ಮಾದರಿಯ ಕೊನೆಯಲ್ಲಿ ‘ಇಲ್ಲಿಗೆ ಮುಗಿಯಬೇಕು’ ಎನ್ನುವ ಡಾಲರ್ ಚಿಹ್ನೆ ಹಾಕಿ, ಹೋಲಿಸಿ ನೋಡುವ ‘ಮ್ಯಾಚ್’ ಬಳಸಿದರೆ, ಕೊನೆಗೆ ಅಂಟಿಕೊಂಡ ಹೊಸಸಾಲಿನ ಅಕ್ಷರವೊಂದು ಸದ್ದಿಲ್ಲದೆ ಒಳಬರುತ್ತದೆ. ಪೈಥಾನ್‌ನ 3.4ನೇ ಆವೃತ್ತಿಯಲ್ಲಿ ಬಂದ, ಇಡೀ ಸ್ಟ್ರಿಂಗ್ ಮಾದರಿಗೆ ಹೊಂದಲೇಬೇಕೆನ್ನುವ ‘ಫುಲ್‌ಮ್ಯಾಚ್’ ಅದನ್ನು ತಡೆಯುತ್ತದೆ.

ಮೂರನೆಯದು ಸೆಟ್, ಅಂದರೆ ಪುನರಾವರ್ತನೆಯಿಲ್ಲದ ಗಣ: ಸ್ಟ್ರಿಂಗ್‌ನ ಅಕ್ಷರಗಳ ಸೆಟ್‌ನಿಂದ ಅನುಮತಿಸಿದ ಅಕ್ಷರಗಳ ಸೆಟ್ ಕಳೆದರೆ ಉಳಿಯುವುದೇ ಅಪರಾಧಿಗಳ ಪಟ್ಟಿ. ‘ತಪ್ಪಿದೆ’ ಎಂದಷ್ಟೇ ಹೇಳದೆ ಯಾವುದು ತಪ್ಪು ಎಂದು ತೋರಿಸುವ ಈ ಗುಣಕ್ಕೇ ನಾನು ಇದನ್ನು ಆರಿಸಿಕೊಂಡೆ. ಕಾಣದ ಅಕ್ಷರಗಳೂ ಇರುವುದರಿಂದ ದೋಷಸಂದೇಶದಲ್ಲಿ ಅಕ್ಷರದ ಬದಲು ಅದರ ಸಂಕೇತಸಂಖ್ಯೆಯನ್ನು ಮುದ್ರಿಸುತ್ತೇನೆ. ಖಾಲಿ ಸ್ಟ್ರಿಂಗ್ ಇಲ್ಲಿ ನಿರ್ದೋಷಿಯೆನಿಸುವುದರಿಂದ ಉದ್ದವನ್ನು ಬೇರೆಯಾಗಿ ನೋಡಬೇಕು. ತಪ್ಪು ಎಷ್ಟನೆಯ ಸ್ಥಾನದಲ್ಲಿದೆ ಎಂಬುದೂ ತಿಳಿಯದು. ಮೊದಲ ತಪ್ಪಿಗೇ ನಿಲ್ಲುವ ರೆಗ್ಯುಲರ್ ಎಕ್ಸ್‌ಪ್ರೆಶನ್‌ನಂತಲ್ಲದೆ ಇದು ಇಡೀ ಸ್ಟ್ರಿಂಗನ್ನು ಓದಿಯೇ ತೀರುತ್ತದೆ. ಮೂವತ್ತು ಅಕ್ಷರದ ಹೆಸರಿಗೆ ಅದು ಲೆಕ್ಕಕ್ಕಿಲ್ಲ. ಉದ್ದನೆಯ ಕಡತಗಳ ತಪಾಸಣೆಗೆ ಮಾತ್ರ ನಾನು ಈಗಲೂ ‘ಫುಲ್‌ಮ್ಯಾಚ್’ ಅನ್ನೇ ಉಳಿಸಿಕೊಂಡಿದ್ದೇನೆ.